ನಿಂಬೆವ್ವ ಹುಡುಕಿ ತಂದ ಚಂದ್ರಕಾಳಿ ಸೀರೆ

ಬಹಳ ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಯಾರೋ ಒಬ್ಬ ಅಜ್ಜಿ ಕತೆ ಹೇಳುತ್ತಿದ್ದ ಕಾಲಕ್ಕೆ, ಹಳ್ಳದ ಆಚೆ ದಂಡೆಗೆ ಕರಿಗುಂದಿ ಅಂತ ಒಂದು ಊರಿತ್ತಂತೆ. ಆ ಊರಲ್ಲಿ ನಿಂಬೆವ್ವ ಅಂತ ಒಬ್ಬಳಿದ್ದಳಂತೆ. ಊರು ಈಗಲೂ ಇದೆ, ನಿಂಬೆವ್ವ ಇಲ್ಲ. ಹತ್ತಿರ ಬಂದು ಕೂತುಕೊಳ್ಳಿ. ಕೈ ಖಾಲಿ ಇರುವವರು ಆ ಚೂರುಬಟ್ಟೆಯ ಗಂಟು ಬಿಚ್ಚಿ, ಬಣ್ಣ ಬಣ್ಣ ಬೇರೆ ಮಾಡುತ್ತಾ ಕೇಳಿ. ನಿಂಬೆವ್ವನ ಕತೆಯನ್ನು ಸುಮ್ಮನೆ ಕೂತು ಕೇಳಿದರೆ ಅವಳಿಗೆ ಸಿಟ್ಟು ಬರುತ್ತದಂತೆ.

ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ ಇತ್ತು. ಆಳು ನೋಡಿದರೆ ಇಷ್ಟೇ ಇಷ್ಟು, ದನಿ ಮಾತ್ರ ಹಳ್ಳದಾಚೆ ಮೇಯುವ ಎಮ್ಮೆ ತಲೆ ಎತ್ತಿ ನೋಡುವಂಥದ್ದು. ಸೊಂಟಕ್ಕೆ ಒಂದು ಚಂಚಿ. ಬೇರೆ ಹೆಂಗಸರ ಚಂಚಿಯಲ್ಲಿ ಎಲೆ ಅಡಿಕೆ ಇದ್ದರೆ ಇವಳ ಚಂಚಿಯಲ್ಲಿ ಸೂಜಿ, ದಾರದ ಉಂಡೆ, ಒಂದು ನಶ್ಯದ ಡಬ್ಬಿ. ಅವಳ ಸೂಜಿಗೆ ದಾರ ತಾನಾಗೇ ಬಂದು ಹೊಗುತ್ತಿತ್ತು ಅಂತ ಹೇಳುತ್ತಾರೆ. ಹರಿದ ಮೋಡಕ್ಕೆ ಹೊಲಿಗೆ ಹಾಕಿ ಕಣದಲ್ಲಿ ರಾಶಿ ಮುಗಿಯುವ ತನಕ ಮಳೆ ತಡೆದಿದ್ದಳು ಅಂತಲೂ ಹೇಳುತ್ತಾರೆ. ನಾನಂತೂ ನೋಡಿಲ್ಲ. ಹೇಳುವವರು ಹೇಳಿದರು, ನಾನು ನಿಮಗೆ ಹೇಳುತ್ತಿದ್ದೇನೆ. ಆದರೆ ಒಂದು ಸಂಗತಿಯನ್ನು ಎಲ್ಲರೂ ಒಂದೇ ರೀತಿ ಹೇಳುತ್ತಾರೆ, ಹಾಗಾಗಿ ಅದು ನಿಜವೇ ಇರಬೇಕು. ಅಷ್ಟು ಕೈಚಳಕ ಇದ್ದ ನಿಂಬೆವ್ವ ಯಾರಿಗೂ ಏನನ್ನೂ ಮಾಡಿಕೊಡುತ್ತಿರಲಿಲ್ಲ.

ಹಳೆ ಬಟ್ಟೆಯ ಚೂರು ಜೋಡಿಸಿ ಹೊದೆಯಲು ಒಂದು ಕೌದಿ ಹೊಲಿದುಕೊಡು ಅಂತ ಹೋದವರನ್ನು ಬೈದು ಕಳಿಸುತ್ತಿದ್ದಳಂತೆ. ನಿನಗೆ ಕೈ ಇಲ್ಲವಾ, ಕೈಗೇನು ಲಕ್ವ ಹೊಡೆದಿದೆಯಾ ಅಂತ ಕೇಳುತ್ತಿದ್ದಳಂತೆ. ಅವರು ಮುಖ ಸಣ್ಣದು ಮಾಡಿಕೊಂಡು ಹೊರಟರೆ ಮತ್ತೆ ಕರೆದು, ಪಕ್ಕಕ್ಕೆ ಕೂರಿಸಿಕೊಂಡು, ಮೊದಲ ಹೊಲಿಗೆ ತಾನು ಹಾಕಿ ತೋರಿಸಿ, ಸೂಜಿಯನ್ನು ಅವರ ಕೈಗೇ ಕೊಡುತ್ತಿದ್ದಳಂತೆ. ಕೌದಿಗೆ ಹೇಗೋ ಬುಟ್ಟಿಗೂ ಹಾಗೇ, ಹಗ್ಗಕ್ಕೂ ಹಾಗೇ, ಕಸಬರಿಗೆಗೂ ಹಾಗೇ.

"ನಾ ಮಾಡಿಕೊಟ್ರ ಹರದ ದಿನಾ ಮತ್ತ ನನ್ನ ಮನಿಗೆ ಬರ್ತಿ. ನೀನ ಮಾಡ್ಕೊಂಡ್ರ ಹರದದ್ದೂ ನೀನ ಹೊಲ್ಕೋತಿ," ಅನ್ನುತ್ತಿದ್ದಳಂತೆ.

ಹಾಗೆ ಬೈಸಿಕೊಂಡು ಬೈಸಿಕೊಂಡೇ ಕರಿಗುಂದಿಯವರು ಎಲ್ಲ ಕಲಿತಿದ್ದರು. ಗಂಡಸರೂ ಕಲಿತಿದ್ದರು. ಊರಿಗೆ ಬೇಕಾದ ಹಗ್ಗ ಊರಲ್ಲೇ ಹೊಸೆಯುತ್ತಿದ್ದರು, ಊರಿಗೆ ಬೇಕಾದ ಬುಟ್ಟಿ ಊರಲ್ಲೇ ಹೆಣೆಯುತ್ತಿದ್ದರು. ಯಾವುದೂ ನೆಟ್ಟಗಿರಲಿಲ್ಲ ಬಿಡಿ, ಒಬ್ಬೊಬ್ಬರ ಬುಟ್ಟಿ ಒಂದೊಂದು ಕಡೆಗೆ ವಾಲಿರುತ್ತಿತ್ತು. ಆದರೆ ವಾಲಿದ ಬುಟ್ಟಿ ನೋಡಿದರೆ ಸಾಕು, ಇದು ಇಂಥವರ ಮನೆಯದು ಅಂತ ಗುರುತು ಹತ್ತುತ್ತಿತ್ತು.

ಇಂಥ ಊರಿಗೆ ಒಂದು ದಿನ ಕತ್ತೆಯ ಮೇಲೆ ಹೇರು ಹೇರಿಕೊಂಡು ಪಾತ್ರೆಯವನು ಬಂದನಂತೆ. ಹೇರಿನ ಒಂದು ಕಡೆ ಥಳಥಳ ಹೊಳೆಯುವ ಕೊಡ, ಬೋಗಾಣಿ. ಇನ್ನೊಂದು ಕಡೆ ಹೂವು ಬಳ್ಳಿ ಅಚ್ಚೊತ್ತಿದ, ಹೊದೆಯುವ ಪೇಟೆಯ ದುಪ್ಪಟಿ. ಹಳೆ ಬಟ್ಟೆ ಕೊಟ್ಟರೆ ಸಾಕು, ಹೊಸ ಪಾತ್ರೆ ಕೊಡುತ್ತೇನೆ ಅಂದನಂತೆ. ಹಳೆ ಬಟ್ಟೆ ತಾನೇ! ಯಾರಿಗೆ ಬೇಕು? ಒಂದು ಮನೆಯವರು ಕೊಟ್ಟರು, ಅದನ್ನು ನೋಡಿ ಪಕ್ಕದ ಮನೆಯವರು ಕೊಟ್ಟರು. ಆಮೇಲೆ ಊರಿಗೆ ಊರೇ ಕೊಟ್ಟಿತು. ಹಳೆ ಬಟ್ಟೆ ಖಾಲಿಯಾದ ಮೇಲೆ ಕೌದಿ ಯಾವುದರಿಂದ ಹೊಲಿಯುತ್ತೀರಿ? ದುಪ್ಪಟಿ ಕೊಂಡರು. ದುಪ್ಪಟಿ ಕೊಂಡ ಮೇಲೆ ವಾಲಿದ ಬುಟ್ಟಿ ಕಣ್ಣಿಗೆ ಚುಚ್ಚತೊಡಗಿತು, ಬುಟ್ಟಿಯನ್ನೂ ಸಂತೆಯಿಂದ ತಂದರು. ಮುಂದೆ ಹಗ್ಗ, ಅದರ ಮುಂದೆ ಕಸಬರಿಗೆ. ನೆಂಟರು ಬಂದರೆ ಮನೆಯ ಕೌದಿಯನ್ನು ನಾಚಿಕೊಂಡು ಅಟ್ಟಕ್ಕೆ ಎಸೆಯುತ್ತಿದ್ದರಂತೆ. ನಿಂಬೆವ್ವ ಊರ ನಡುವೆ ನಿಂತು ಬೈದಳು. ಮುದುಕಿಗೆ ಹೊಟ್ಟೆಕಿಚ್ಚು ಅಂತ ನಕ್ಕುಬಿಟ್ಟರಂತೆ. ನಗಬೇಡಿ, ನಿಮ್ಮ ಮನೆಯ ಅಟ್ಟದಲ್ಲಿ ಏನೇನಿದೆ ಅಂತ ನನಗೆ ಗೊತ್ತು.

ಆ ಊರಲ್ಲಿ ಗುರುಶಾಂತವ್ವ ಅಂತ ದೊಡ್ಡ ಮನೆತನದವಳು ಒಬ್ಬಳಿದ್ದಳು. ಕೆಟ್ಟವಳಲ್ಲ, ಸ್ವಲ್ಪ ಜಂಬ, ಅಷ್ಟೇ. ಅವಳ ಸೊಸೆ ಸಾಂವಕ್ಕ. ಸಾಂವಕ್ಕನಿಗೆ ತವರು ಅಂತ ಇರಲಿಲ್ಲ. ಅವಳು ತೊದಲು ಮಾತು ಕಲಿಯುವ ಮೊದಲೇ ಅವ್ವ ತೀರಿಹೋಗಿದ್ದಳು, ಅಪ್ಪನೂ ಬಹಳ ದಿನ ಉಳಿಯಲಿಲ್ಲ. ಮದುವೆಯಾಗಿ ಬರುವಾಗ ಅವಳು ತಂದದ್ದು ಒಂದೇ ಒಂದು ಗಂಟು. ಗಂಟಿನಲ್ಲಿ ಅವಳವ್ವನ ಚಂದ್ರಕಾಳಿ ಸೀರೆ. ಮೈಯೆಲ್ಲ ಕಾಡಿಗೆ ಕಪ್ಪು, ಸೆರಗು ಕುಂಕುಮ ಕೆಂಪು. ಸಾಂವಕ್ಕ ಹೊಟ್ಟೆಯಲ್ಲಿದ್ದಾಗ ಅವಳವ್ವ ಕುಬಸದ ದಿನ, ಅಂದರೆ ಸೀಮಂತದ ದಿನ, ಉಟ್ಟ ಸೀರೆ ಅದು. ಆಯಮ್ಮ ಸೀರೆಯ ತುಂಬ ಕಸೂತಿಯಲ್ಲಿ ಗುಬ್ಬಿ ತೆಗೆದಿದ್ದಳು. ಎಲ್ಲ ಗುಬ್ಬಿಗೂ ಒಂದೊಂದೇ ಕಾಲು. ದಾರ ಸಾಲಲಿಲ್ಲವೋ, ಬಸುರಿಗೆ ಬೇಸರ ಬಂತೋ ಯಾರಿಗೆ ಗೊತ್ತು! ಅವ್ವನ ಮುಖ ನೆನಪಿಲ್ಲದ ಸಾಂವಕ್ಕನಿಗೆ ಆ ಒಂಟಿಕಾಲಿನ ಗುಬ್ಬಿಗಳೇ ತವರಿನವರು.

ಈಗ ಸಾಂವಕ್ಕನೇ ತುಂಬಿದ ಬಸುರಿ. ಕರಿಗುಂದಿಯಲ್ಲಿ ಒಂದು ಕಟ್ಟಳೆ. ಹುಟ್ಟಿದ ಕೂಸನ್ನು ತೊಟ್ಟಿಲಿಗೆ ಹಾಕುವಾಗ ತಾಯಿಯ ತವರಿನ ಬಟ್ಟೆಯಿಂದ ಹೊಲಿದ ಕೌದಿ ಹಾಸಲೇಬೇಕು. ಅದಿಲ್ಲದೆ ತೊಟ್ಟಿಲು ತೂಗುವ ಹಾಗಿಲ್ಲ. ಸಾಂವಕ್ಕ ಆ ಚಂದ್ರಕಾಳಿಯನ್ನೇ ಬಿಚ್ಚಿ ಕೌದಿ ಹೊಲಿಯಬೇಕು ಅಂತ ಕಾದಿದ್ದಳು.

ಒಂದು ದಿನ ಅವಳು ಹಳ್ಳಕ್ಕೆ ಬಟ್ಟೆ ಒಗೆಯಲು ಹೋದ ಹೊತ್ತಿಗೆ ಪಾತ್ರೆಯವನು ಮತ್ತೆ ಬಾಗಿಲಿಗೆ ಬಂದನಂತೆ. ಗುರುಶಾಂತವ್ವ ಹಳೆ ಬಟ್ಟೆಯನ್ನೆಲ್ಲ ಒಟ್ಟುಮಾಡಿ ಕೊಟ್ಟಳು, ಮೂಲೆಯಲ್ಲಿದ್ದ ಸೊಸೆಯ ಗಂಟನ್ನೂ ಬಿಚ್ಚಿ ನೋಡದೆ ಅದರ ಜೊತೆಗೇ ಕೊಟ್ಟಳು. ಊರಿನಲ್ಲೇ ದೊಡ್ಡ ಕೊಡ ಅವಳ ಪಾಲಿಗೆ ಬಂತು. ಹೊಳೆಯುವ ಕೊಡದ ಬುಡಕ್ಕೆ ಹುಲ್ಲಿನ ಹಳೇ ಸಿಂಬಿ ಚೆಂದ ಕಾಣುವುದಿಲ್ಲ ಅಂತ, ಕೊಸರಿಗೆ ಒಂದು ಕೆಂಪು ಬಟ್ಟೆಯ ತುಂಡನ್ನೂ ಕೇಳಿ ಇಸಿದುಕೊಂಡಳಂತೆ. ಅವನು ರಾಶಿಯೊಳಗೆ ಕೈ ಹಾಕಿ, ಪರ್ ಅಂತ ಹರಿದು ಕೊಟ್ಟ. ಅವಳು ಅದನ್ನು ಗಟ್ಟಿಯಾಗಿ ಸುತ್ತಿ ಸಿಂಬಿ ಮಾಡಿ ತಲೆಯ ಮೇಲೆ ಇಟ್ಟುಕೊಂಡು, ಹೊಸ ಕೊಡ ಹೊತ್ತು, ಊರೆಲ್ಲ ನೋಡಲಿ ಅಂತ ದೂರದ ದಾರಿ ಹಿಡಿದು ನೀರಿಗೆ ಹೋದಳಂತೆ.

ಸಾಂವಕ್ಕ ಬಂದು ನೋಡಿದರೆ ಗಂಟಿಲ್ಲ. ಅತ್ತೆಯನ್ನು ಕೇಳಿದಳು. ಅತ್ತೆ ಹೊಸ ಕೊಡ ತೋರಿಸಿದಳು. ಸಾಂವಕ್ಕ ಅಳಲಿಲ್ಲ, ಬೈಯಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿದಳಂತೆ. ದಿನ ಕಳೆದರೂ ರೊಟ್ಟಿ ಮುಟ್ಟಲಿಲ್ಲ. ಗುರುಶಾಂತವ್ವ ಗಾಬರಿಯಾಗಿ ಸಂತೆಗೆ ಓಡಿ, ಇದ್ದುದರಲ್ಲೇ ಚೆಂದದ ದುಪ್ಪಟಿ ತಂದು ಮುಂದೆ ಹರಡಿದಳಂತೆ. ಸಾಂವಕ್ಕ ತಿರುಗಿಯೂ ನೋಡಲಿಲ್ಲ. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, ಹೊರಗೆ ಬಂದು ತಲೆ ಅಲ್ಲಾಡಿಸಿದಳು. ಮನಸ್ಸಿಲ್ಲದವಳಿಗೆ ಹೆರಿಗೆ ಮಾಡಿಸುವುದು ತನ್ನ ಕೈಯಲ್ಲಿಲ್ಲ, ತಾಯಿಯೂ ಉಳಿಯಲಿಕ್ಕಿಲ್ಲ, ಕೂಸೂ ಉಳಿಯಲಿಕ್ಕಿಲ್ಲ ಅಂದಳಂತೆ. ಗುರುಶಾಂತವ್ವ ಹೊಸ್ತಿಲ ಮೇಲೆ ಕುಸಿದು ಕೂತಳಂತೆ. ಹೇಳಿದೆನಲ್ಲ, ಕೆಟ್ಟವಳಲ್ಲ ಅವಳು.

ಆಗ ನಿಂಬೆವ್ವ ಬಂದಳು. ಯಾರೂ ಕರೆದಿರಲಿಲ್ಲ. ಒಳಗೆ ಹೋಗಿ ಸಾಂವಕ್ಕನ ಬೆನ್ನಿನ ಹಿಂದೆ ಕೂತಳು. ಅವಳ ದನಿ ಅಷ್ಟು ಮೆತ್ತಗಾಗಿದ್ದು ಅದೊಂದೇ ಸಲ ಅಂತ ಹೇಳುತ್ತಾರೆ.

"ಸೀರಿ ಗುರುತು ಹೇಳವ್ವಾ ನನ್ನ ಮಗಳ."

ಸಾಂವಕ್ಕ ಗೋಡೆಗೇ ಹೇಳಿದಳಂತೆ, "ಗುಬ್ಬಿ ಅದಾವ. ಒಂದ ಕಾಲಿನ ಗುಬ್ಬಿ."

ನಿಂಬೆವ್ವ ಎದ್ದು, ಸೆರಗು ಬಿಗಿದು, ಹೊರಟೇಬಿಟ್ಟಳು. ಅವಳು ನಡೆದರೆ ದಾರಿ ಮಡಚಿಕೊಂಡು ಗಿಡ್ಡವಾಗುತ್ತಿತ್ತು ಅಂತ ಹೇಳುತ್ತಾರೆ. ಮುಂದಿನ ಊರಿನ ಸಂತೆಯಲ್ಲಿ ಬೇವಿನ ಮರದ ಕೆಳಗೆ ಪಾತ್ರೆಯವನು ಸಿಕ್ಕಿದ. ಅವಳ ದನಿ ಕೇಳಿ ಅವನ ಕತ್ತೆ ಮೊದಲು ಓಡಿತು, ಅವನಿಗೆ ಓಡಲಾಗಲಿಲ್ಲ. ಸೀರೆ ಎಲ್ಲಿ ಅಂತ ಕೇಳಿದರೆ, ಹಳೆ ಸೀರೆಯನ್ನು ಇಡಿಯಾಗಿ ಯಾರೂ ಕೊಳ್ಳುವುದಿಲ್ಲ ಅವ್ವಾ, ಹರಿದು ತುಂಡು ತುಂಡು ಮಾರಿದೆ ಅಂದನಂತೆ. ಯಾರ್ಯಾರಿಗೆ ಕೊಟ್ಟೆ ಅಂತ ನೆನಪಿದ್ದಷ್ಟು ಹೇಳಿದ. ಸೆರಗು ಮಾತ್ರ ಎಲ್ಲಿ ಹೋಯಿತೋ ಅವನಿಗೆ ನೆನಪಾಗಲಿಲ್ಲ. ಪಾಪ, ಅವನೂ ಹೊಟ್ಟೆಪಾಡಿನವನು. ಬಸುರಿಯ ಸಂಗತಿ ಕೇಳಿ ಕಣ್ಣಲ್ಲಿ ನೀರು ತಂದುಕೊಂಡನಂತೆ.

ಒಂದು ತುಂಡು ಗಾಣದವನ ಹತ್ತಿರ ಇತ್ತು. ಗಾಣದ ಎತ್ತಿಗೆ ತಿರುಗಿ ತಿರುಗಿ ತಲೆಸುತ್ತು ಬರಬಾರದು ಅಂತ ಕಣ್ಣಿಗೆ ಬಟ್ಟೆ ಕಟ್ಟುತ್ತಾರಲ್ಲ, ಎತ್ತಿನ ಎರಡೂ ಕಣ್ಣ ಮೇಲೆ ಒಂಟಿಕಾಲಿನ ಗುಬ್ಬಿಗಳು ಕೂತಿದ್ದವು. ಬಟ್ಟೆ ಕೊಡು ಅಂದಳು. ಕೊಟ್ಟರೆ ನನ್ನ ಗಾಣ ನಿಲ್ಲುತ್ತದೆ ಅಂದ. ನಿಂಬೆವ್ವ ಹಳ್ಳದ ದಂಡೆಯಿಂದ ಈಚಲ ಗರಿ ತಂದು ಅವನ ಮುಂದೆ ಹಾಕಿದಳು. ಎರಡು ಎಳೆ ತಾನು ಹೆಣೆದು ತೋರಿಸಿ, ಮುಂದಿನದು ನೀನೇ ಹೆಣಿ ಅಂದಳು. ಅವನು ಹೆಣೆದ ಮೊದಲ ಕಣ್ಣುಮುಚ್ಚಳ ಎಷ್ಟು ಸೊಟ್ಟಗಿತ್ತೆಂದರೆ, ಎತ್ತು ಒಂದು ಕಣ್ಣಿಂದ ಊರನ್ನೆಲ್ಲ ನೋಡುತ್ತಾ ಹೆಮ್ಮೆಯಿಂದ ತಿರುಗಿತಂತೆ. ನಿಂಬೆವ್ವ ತಿದ್ದಿಕೊಡಲಿಲ್ಲ. ಬಿಚ್ಚಿ ಮತ್ತೆ ಹೆಣೆಯಲು ಹೇಳಿ, ನಶ್ಯ ಏರಿಸುತ್ತಾ ಕೂತಳು. ಅಲ್ಲಿ ಸಾಂವಕ್ಕ ಮಲಗಿದ್ದಾಳೆ, ಇಲ್ಲಿ ಇವನು ಗರಿ ಹೆಣೆಯುತ್ತಿದ್ದಾನೆ. ಅವಳ ಎದೆ ಎಷ್ಟು ಹೊಡೆದುಕೊಂಡಿರಬೇಕು! ಆದರೂ ಅವನ ಕೈಯಿಂದ ಕಸಿದುಕೊಳ್ಳಲಿಲ್ಲವಂತೆ. ಕೊನೆಗೆ ಎರಡು ಮುಚ್ಚಳ ಸರಿಯಾದವು. ಗಾಣದವನು ಅವನ್ನು ತಿರುಗಿಸಿ ತಿರುಗಿಸಿ ನೋಡಿ, ನಾನೇ ಮಾಡಿದೆನಾ ಅಂತ ಹೆಂಡತಿಯನ್ನು ಕರೆದು ತೋರಿಸಿದನಂತೆ. ಬಟ್ಟೆ ತಾನಾಗೇ ಬಿಚ್ಚಿಕೊಟ್ಟ.

ಇನ್ನೊಂದು ದೊಡ್ಡ ತುಂಡು ಜೋಳದ ಹೊಲದಲ್ಲಿ ಬೆದರುಗೊಂಬೆಯ ಮೈಮೇಲೆ ಇತ್ತು. ಆ ಹೊಲದ ಒಡೆಯ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಗೊಂಬೆ ನಿಲ್ಲಿಸಿದ ಮೇಲೆ ಗುಬ್ಬಿ ಹೆಚ್ಚಾಗಿವೆ ಅಂತ ಅವನ ದೂರು. ಸೀರೆಯ ಗುಬ್ಬಿಗಳನ್ನು ನೋಡಿ ನೆಂಟರ ಮನೆ ಅಂತ ತಿಳಿದು ಬಳಗವೆಲ್ಲ ಬಂದಿಳಿದಿತ್ತೋ ಏನೋ! ನಿಂಬೆವ್ವ ಬಿದ್ದು ಬಿದ್ದು ನಕ್ಕಳಂತೆ. ನಕ್ಕು, ಬೇಲಿಯ ಪುಂಡಿ ಗಿಡದ ನಾರು ಸುಲಿಸಿ, ಗುಬ್ಬಿ ಓಡಿಸಲು ಅವನ ಕೈಯಿಂದಲೇ ಒಂದು ಕವಣೆ ಹೊಸೆಯಿಸಿದಳು. ಅವರಪ್ಪ ಕಣ್ಣು ಮುಚ್ಚಿ ಹೊಸೆಯುತ್ತಿದ್ದ ಹಗ್ಗ, ಸಂತೆಯದ್ದು ಕೊಂಡು ಕೊಂಡು ಇವನಿಗೆ ಮರೆತೇಹೋಗಿತ್ತು. ಕೈಗೆ ನೆನಪಿತ್ತು ನೋಡಿ, ನಾರು ಹಿಡಿದ ಸ್ವಲ್ಪ ಹೊತ್ತಿಗೆ ಬೆರಳು ತಾನೇ ಓಡಿತಂತೆ. ಅವನೂ ಬಟ್ಟೆ ಬಿಚ್ಚಿಕೊಟ್ಟ.

ಹೀಗೆ ಊರೂರು ತಿರುಗಿ ಒಂದೊಂದೇ ತುಂಡು ಕೂಡಿಸಿದಳು. ಎಲ್ಲಿ ತುಂಡು ತಗೊಂಡಳೋ ಅಲ್ಲಿ ಒಂದು ಕಸುಬು ಬಿಟ್ಟು ಬಂದಳು ಅಂತ ಹೇಳುತ್ತಾರೆ. ಒಂದು ತುಂಡನ್ನು ಮಾತ್ರ ತರಲಿಲ್ಲ.

ಅದು ಒಂದು ಪುಟ್ಟ ಹುಡುಗಿಯ ಕೈಯಲ್ಲಿತ್ತು. ಹುಡುಗಿ ಆ ತುಂಡಿನಿಂದ ಒಂದು ಗೊಂಬೆ ಮಾಡಿಕೊಂಡಿದ್ದಳು. ಸೂಜಿ ಇಲ್ಲ ಅಂತ ಜಾಲಿ ಮುಳ್ಳಿನಿಂದ ಚುಚ್ಚಿ ಚುಚ್ಚಿ ನಾರು ತೂರಿಸಿ ಹೊಲಿದಿದ್ದಳು, ಯಾರೂ ಹೇಳಿಕೊಟ್ಟಿರಲಿಲ್ಲ. ನಿಂಬೆವ್ವ ಆ ಗೊಂಬೆಯನ್ನು ಎಷ್ಟೋ ಹೊತ್ತು ತಿರುಗಿಸಿ ನೋಡಿದಳಂತೆ. ಆಮೇಲೆ ವಾಪಸು ಕೊಟ್ಟಳು.

"ನೀ ಹೊಲದೀ. ಇದು ನಿಂದ," ಅಂದಳಂತೆ. ಚಂಚಿಯಿಂದ ತನ್ನ ಸೂಜಿ ತೆಗೆದು ಅದನ್ನೂ ಹುಡುಗಿಗೇ ಕೊಟ್ಟು ಬಂದಳಂತೆ.

ಅವಳು ಕರಿಗುಂದಿಗೆ ಬಂದಾಗ ಆ ದಿನದ ಬಿಸಿಲು ಇನ್ನೂ ಇಳಿದಿರಲಿಲ್ಲ. ಸಾಂವಕ್ಕನಿಗೆ ನೋವು ಶುರುವಾಗಿತ್ತು. ಆದರೂ ಅವಳು ಗೋಡೆಯ ಕಡೆಗೇ ಮುಖ ಮಾಡಿದ್ದಳು, ನರಳುತ್ತಲೂ ಇರಲಿಲ್ಲ. ನಿಂಬೆವ್ವ ತಂದ ತುಂಡುಗಳಲ್ಲಿ ಒಂದನ್ನು ಅವಳ ಕೈಯಲ್ಲಿ ಇಟ್ಟಳು. ಸಾಂವಕ್ಕ ಕಣ್ಣು ತೆರೆಯದೆ ಬೆರಳಿಂದ ತಡವಿದಳು. ರೆಕ್ಕೆ ಸಿಕ್ಕಿತು, ಕೊಕ್ಕು ಸಿಕ್ಕಿತು, ಒಂದೇ ಕಾಲು ಸಿಕ್ಕಿತು. ಆ ಬಟ್ಟೆಯಲ್ಲಿ ಮುಖ ಹುದುಗಿಸಿ ಜೋರಾಗಿ ಅತ್ತಳಂತೆ. ಹೊರಗೆ ನಿಂತವರಿಗೆಲ್ಲ ಕೇಳಿಸಿತು. ಅತ್ತು ಮುಗಿಸಿ, ಈ ಕಡೆ ತಿರುಗಿ, "ಯವ್ವಾ, ಹಸಿವ್ಯಾಗೇದ," ಅಂದಳಂತೆ.

ಸೂಲಗಿತ್ತಿ ಎರಡೂ ಕೈ ಎತ್ತಿ ದೇವರಿಗೆ ಮುಗಿದಳು. ಗುರುಶಾಂತವ್ವ ಓಡಿಹೋಗಿ ರೊಟ್ಟಿ, ಹಾಲು ತಂದಳು. ಆ ರೊಟ್ಟಿ ಮುರಿದ ಸದ್ದಿಗೆ ಊರಿಗೆ ಊರೇ ಉಸಿರು ಬಿಟ್ಟಿತಂತೆ.

ಹೊರಗೆ ಜಗುಲಿಯ ಮೇಲೆ ನಿಂಬೆವ್ವ ಬಟ್ಟೆ ಹರಡಿದಳು. ಹೆಂಗಸರೆಲ್ಲ ಬಂದು ಸುತ್ತ ನಿಂತರು. ನೀನೇ ಬೇಗ ಹೊಲಿದುಬಿಡವ್ವಾ, ಹೊತ್ತಾಯಿತು ಅಂದರು. ನನ್ನ ಹತ್ತಿರ ಸೂಜಿ ಇಲ್ಲ ಅಂದಳಂತೆ ನಿಂಬೆವ್ವ. ಎಲ್ಲರೂ ಮನೆಗೆ ಓಡಿದರು. ಮನೆ ಮನೆಯ ಸೂಜಿಗೆ ತುಕ್ಕು ಹಿಡಿದಿತ್ತು. ಕಲ್ಲಿಗೆ ಉಜ್ಜಿಕೊಂಡು ಬಂದು ಕೂತರು. ಕೌದಿಯ ಹೊಲಿಗೆ ಅಂಚಿನಿಂದ ಶುರುವಾಗಿ, ಸುತ್ತಿ ಸುತ್ತಿ ನಡುವಿಗೆ ಬರುತ್ತದೆ. ನಡುವಿನ ಜಾಗಕ್ಕೆ ಕೌದಿಯ ಹೊಟ್ಟೆ ಅನ್ನುತ್ತಾರೆ. ಅಲ್ಲಿ ಒಂದು ರೊಟ್ಟಿಯ ಚೂರಿಟ್ಟು, ಹಸಿದ ಕೌದಿ ಬೆಚ್ಚಗಿರುವುದಿಲ್ಲ ಅಂತ ಹೇಳಿ, ಮೇಲೆ ಬಟ್ಟೆ ಮುಚ್ಚಿ ಹೊಲಿಗೆ ಮುಗಿಸುತ್ತಾರೆ. ಎಲ್ಲರೂ ಸೇರಿ ನಡುವಿನ ತನಕ ಬಂದರು. ಹೊಟ್ಟೆ ಮುಚ್ಚಲು ಬಟ್ಟೆ ಇಲ್ಲ. ಗೊಂಬೆಯ ಮೈಗೆ ಹೋದ ತುಂಡು ಅದು. ಬೇರೆ ಬಟ್ಟೆ ಹಾಕೋಣವೆಂದರೆ ತವರಿನದೇ ಬೇಕು ಅನ್ನುವ ಕಟ್ಟಳೆ. ಎಲ್ಲರ ಸೂಜಿ ಅಲ್ಲಲ್ಲೇ ನಿಂತಿತು.

ಅದೇ ಹೊತ್ತಿಗೆ ಗುರುಶಾಂತವ್ವ ಹೆರಿಗೆಯ ನೀರಿಗೆ ಅಂತ ಹೊಸ ಕೊಡ ಹೊತ್ತು ಅವಸರದಲ್ಲಿ ಬಂದಳು. ಕೊಡ ಇಳಿಸಿ, ಸಿಂಬಿ ತೆಗೆದು ಜಗುಲಿಯ ಮೇಲೆ ಎಸೆದಳು. ನೆನೆದ ಸಿಂಬಿ ಮೆಲ್ಲಗೆ ಬಿಚ್ಚಿಕೊಂಡಿತು. ಕೆಂಪು ಬಟ್ಟೆಯ ಮೇಲೆ ಒಂದು ಗುಬ್ಬಿ ಕಂಡಿತು. ಅದಕ್ಕೆ ಒಂದೇ ಕಾಲು.

ಗುರುಶಾಂತವ್ವ ಬಾಗಿ ಆ ಬಟ್ಟೆ ಎತ್ತಿಕೊಂಡಳು. ಇಷ್ಟು ದಿನ ಸೊಸೆಯ ತವರನ್ನು ತಲೆಯ ಮೇಲೆ ಇಟ್ಟುಕೊಂಡು, ಮೇಲೆ ಕೊಡ ಹೇರಿಕೊಂಡು, ಮೆರೆದುಕೊಂಡು ತಿರುಗಿದ್ದಳಲ್ಲ!

"ಇದೂ ಅದ ಸೀರಿ ಏನ ನಿಂಬೆವ್ವಾ?" ಅಂತ ಸಣ್ಣ ದನಿಯಲ್ಲಿ ಕೇಳಿದಳಂತೆ.

ನಿಂಬೆವ್ವ ಕಸಿದುಕೊಳ್ಳಲಿಲ್ಲ. "ಸಿಂಬಿ ಸುತ್ತಿದಾಕಿ ನೀನು. ಕೊಡೂದೂ ಬಿಡೂದೂ ನಿನ್ನ ಕೈಯಾಗ ಅದ," ಅಂದಳಂತೆ.

ಗುರುಶಾಂತವ್ವ ಅಲ್ಲೇ ಕೂತಳು. ಯಾರದೋ ಕೈಯ ಸೂಜಿ ಇಸಿದುಕೊಂಡಳು. ಒಳಗಿನಿಂದ ಸೊಸೆ ತಿಂದು ಉಳಿಸಿದ ರೊಟ್ಟಿಯ ಚೂರು ತರಿಸಿ, ಕೌದಿಯ ಹೊಟ್ಟೆಯಲ್ಲಿಟ್ಟು, ಕೆಂಪು ಸೆರಗಿನ ತುಂಡನ್ನು ಮೇಲೆ ಮುಚ್ಚಿ ತಾನೇ ಹೊಲಿದಳು. ಸಿಂಬಿಯಾಗಿ ಸುತ್ತಿಕೊಂಡಿದ್ದ ಬಟ್ಟೆ ದುಂಡಗೇ ಮಡಚಿಕೊಳ್ಳುತ್ತಿತ್ತು, ದುಂಡಗೇ ಹೊಲಿದಳು. ಅವಳ ಕೊನೆಯ ಹೊಲಿಗೆಗೂ ಒಳಗೆ ಕೂಸಿನ ಅಳುವಿಗೂ ಕೂದಲೆಳೆಯ ಅಂತರ ಇರಲಿಲ್ಲ ಅಂತ ಹೇಳುತ್ತಾರೆ. ನಮ್ಮಜ್ಜಿ ಮಾತ್ರ ಬೇರೆ ಹೇಳುತ್ತಿದ್ದಳು. ಕೂಸು ಹುಟ್ಟಿ, ಸ್ನಾನವಾಗಿ, ಒಂದು ನಿದ್ದೆ ಮುಗಿಸಿದರೂ ಗುರುಶಾಂತವ್ವ ಇನ್ನೂ ಹೊಲಿಯುತ್ತಲೇ ಇದ್ದಳಂತೆ, ಅವಳ ಕೈಗೆ ಅಷ್ಟು ಜಡ್ಡು ಹಿಡಿದಿತ್ತಂತೆ. ನಾನು ನಮ್ಮಜ್ಜಿಯ ಮಾತನ್ನೇ ನಂಬುತ್ತೇನೆ. ಹೇಗೂ ಇರಲಿ, ತಾಯಿ ಉಳಿದಳು, ಕೂಸು ಉಳಿಯಿತು, ಒಂಟಿಕಾಲಿನ ಗುಬ್ಬಿಗಳ ಮೇಲೆ ಮಲಗಿ ತೊಟ್ಟಿಲು ತೂಗಿಸಿಕೊಂಡಿತು. ಅವತ್ತು ನಿಂಬೆವ್ವ ಜಗುಲಿಯ ಕಂಬಕ್ಕೆ ಒರಗಿ ಕೂತು, ನಶ್ಯ ಏರಿಸಿ, ಕಣ್ಣಲ್ಲಿ ನೀರು ಬರುವಷ್ಟು ಸೀನಿದಳಂತೆ. ಸೀನಿನದ್ದೇ ನೀರು ಅಂತ ಅವಳ ವಾದ.

ಅಟ್ಟಕ್ಕೆ ಎಸೆದ ಕೌದಿಗಳು ಮತ್ತೆ ಕೆಳಗಿಳಿದವು. ವಾಲಿದ ಬುಟ್ಟಿಗಳೂ ಬಂದವು. ನಿಂಬೆವ್ವ ಕೊನೆಗೆ ಎಲ್ಲಿ ಹೋದಳು, ಏನಾದಳು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಜೋಳದ ಹೊಲದಲ್ಲಿ ಗುಬ್ಬಿಯಾಗಿ ಹಾರಿಹೋದಳು ಅನ್ನುವವರೂ ಇದ್ದಾರೆ. ಅಷ್ಟು ಗದ್ದಲದ ಗುಬ್ಬಿಯನ್ನು ನಾನಂತೂ ಕಂಡಿಲ್ಲ.

ಇವತ್ತಿಗೂ ಕರಿಗುಂದಿಯ ಕಡೆ ತೊಟ್ಟಿಲ ಕೌದಿ ಹೊಲಿದರೆ ನಡುವಿಗೆ ದುಂಡನೆಯ ಒಂದು ಕೆಂಪು ತುಂಡು ಇಡುತ್ತಾರೆ, ಅದನ್ನು ಕೂಸಿನ ಅಜ್ಜಿಯೇ ಹೊಲಿಯಬೇಕು. ಅದು ಎಷ್ಟು ಸೊಟ್ಟಗಿದ್ದರೂ ಯಾರೂ ತಿದ್ದುವುದಿಲ್ಲ.

ಇನ್ನೊಂದು ರೂಢಿ ಇದೆ. ಪಾತ್ರೆಯವರು ಈಗಲೂ ಬರುತ್ತಾರೆ, ಕತ್ತೆಯ ಬದಲು ಗಾಡಿಯಲ್ಲಿ. ಕರಿಗುಂದಿಯ ಹೆಂಗಸರು ಹಳೆ ಬಟ್ಟೆಯನ್ನು ಗಂಟು ಕಟ್ಟಿ ಕೊಡುವುದಿಲ್ಲ. ಹೊಸ್ತಿಲ ಮೇಲೆ ನಿಂತು, ಒಂದೊಂದೇ ಬಟ್ಟೆ ಬಿಡಿಸಿ, ಮನೆಯ ಒಳಕ್ಕೆ ಹಿಡಿದು, ಇದು ಯಾರದು ಅಂತ ಗಟ್ಟಿಯಾಗಿ ಕೇಳುತ್ತಾರೆ. ಒಳಗಿನಿಂದ ನನ್ನದು ಅಂತ ದನಿ ಬಂದರೆ ಬಟ್ಟೆ ಒಳಗೆ ಹೋಗುತ್ತದೆ. ಯಾರೂ ಮಾತಾಡದಿದ್ದರೂ ತಕ್ಷಣ ಕೊಟ್ಟುಬಿಡುವುದಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಾಗೇ ಹಿಡಿದು ನಿಲ್ಲುತ್ತಾರೆ. ಅದು ಹಳ್ಳಕ್ಕೆ ಹೋದವರದೋ ತೀರಿಹೋದವರದೋ, ಉತ್ತರ ಕೊಡಲಾಗದವರ ಬಟ್ಟೆಯೂ ಆಗಿರಬಹುದಲ್ಲ. ಪಾತ್ರೆಯವನಿಗೂ ಅದು ಗೊತ್ತು. ಅವನೂ ಗಾಡಿ ನಿಲ್ಲಿಸಿ, ಕೊಡವನ್ನು ಕೆಳಗಿಟ್ಟು, ಸುಮ್ಮನೆ ಕಾಯುತ್ತಾನೆ.